ಪಂಜರಕ್ಕೊಂದು ಮೂಲೆ ಬೇಕು

ನಾವು ಮೊದಲು ಕೊಂಡ ಪಂಜರ ಈಗ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಹಬ್ಬಿಸಿಕೊಂಡು ನೇತಾಡುತ್ತಿದೆ. ದುಂಡಗಿನ ಮೈ, ಮೇಲೊಂದು ಗೋಪುರ, ಬಾಗಿಲಿಗೆ ಬಂಗಾರದ ಬಣ್ಣ. ನೋಡಿದವರೆಲ್ಲ ಚೆನ್ನಾಗಿದೆ ಅಂದಿದ್ದರು. ಕೆಳಗಿನ ಮನೆಯ ಮೇಷ್ಟ್ರು ಮಾತ್ರ ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, ‘ಇದರಲ್ಲಿ ಮೂಲೆ ಎಲ್ಲಿದೆ ಸ್ವಾಮಿ?’ ಎಂದರು. ಇಪ್ಪತ್ತು ವರ್ಷದಿಂದ ಲವ್‌ಬರ್ಡ್ ಸಾಕುತ್ತಿರುವವರು. ಹೆದರಿದ ಹಕ್ಕಿಗೆ ಬೆನ್ನು ಕೊಟ್ಟು ಕೂರಲು ಒಂದು ಜಾಗ ಬೇಕಂತೆ. ದುಂಡು ಪಂಜರದಲ್ಲಿ ಅದು ಯಾವ ಕಡೆ ಸರಿದರೂ ನಡುಬೀದಿಯಲ್ಲಿ ನಿಂತ ಹಾಗೆ. ಅದೂ ಅಲ್ಲದೆ ಗೋಪುರದ ಕಡೆ ಕಂಬಿಗಳೆಲ್ಲ ಒಂದೆಡೆ ಸೇರುತ್ತವಲ್ಲ, ಆ ಸಂದಿಯಲ್ಲಿ ಕಾಲುಬೆರಳು ಸಿಕ್ಕಿಕೊಂಡರೆ ಮುರಿದೇ ಹೋಗಬಹುದು.

ಪಂಜರದ ಮಾತಿಗೆ ಮುಂಚೆ ಹಕ್ಕಿಯ ಮಾತು. ಮಗಳು ಕೇಳಿದ್ದು ಹಸಿರು ಗಿಳಿ. ಗಿಣಿಶಾಸ್ತ್ರದವನ ಪೆಟ್ಟಿಗೆಯಿಂದ ಹೊರಬಂದು ಚೀಟಿ ಎಳೆಯುತ್ತಿದ್ದ ಗಿಣಿಯನ್ನು ನೋಡುತ್ತ ಬೆಳೆದ ನನಗೂ ಗಿಳಿ ಅಂದರೆ ಅದೇ. ಆದರೆ ನಮ್ಮ ತೋಟ, ಬಯಲಿನ ಆ ಕೆಂಪು ಕೊಕ್ಕಿನ ಗಿಳಿಯನ್ನು ಹಿಡಿಯುವುದು, ಮಾರುವುದು ಮಾತ್ರವಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ‘ನಮ್ಮಜ್ಜಿ ಸಾಕಿದ್ದರು’ ಎಂಬ ಮಾತು ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ. ಆಫ್ರಿಕಾದ ಬೂದು ಗಿಳಿ, ಮಕಾವ್ ಥರದ ವಿದೇಶಿ ಹಕ್ಕಿಗಳಿಗೆ 2022ರ ತಿದ್ದುಪಡಿಯ ನಂತರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಈ ತಾಪತ್ರಯ ಇಲ್ಲದ್ದು ಬಜ್ರಿಗರ್ ಮತ್ತು ಕಾಕಟೀಲ್. ಎರಡೂ ಆಸ್ಟ್ರೇಲಿಯಾ ಮೂಲದವು, ಗಿಳಿಯ ದೊಡ್ಡ ಬಳಗಕ್ಕೆ ಸೇರಿದವು. ತಲೆಯ ಮೇಲೆ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು ಇರುವ ಕಾಕಟೀಲನ್ನು ಕಂಡ ಮೇಲೆ ಮಗಳು ಹಸಿರು ಗಿಳಿಯ ಸುದ್ದಿ ಎತ್ತಲಿಲ್ಲ.

ಎರಡನೆಯ ಸಲ ಅಂಗಡಿಗೆ ಹೋದಾಗ ಜೇಬಿನಲ್ಲಿ ಟೇಪು ಇತ್ತು. ಒಂದು ಕಾಕಟೀಲಿಗೆ ಕಡಿಮೆಯೆಂದರೂ 24 ಇಂಚು ಅಗಲ, 18 ಇಂಚು ಆಳ, 24 ಇಂಚು ಎತ್ತರ ಬೇಕು. ಎತ್ತರ ಹೆಚ್ಚಿದ್ದು ಅಗಲ ಕಮ್ಮಿ ಇದ್ದರೆ ಪ್ರಯೋಜನವಿಲ್ಲ, ಹಕ್ಕಿಯೇನು ಹೆಲಿಕಾಪ್ಟರ್ ಅಲ್ಲವಲ್ಲ, ನೆಟ್ಟಗೆ ಮೇಲೇಳುವುದಕ್ಕೆ. ಕಂಬಿಗಳ ನಡುವಿನ ಸಂದು ಅರ್ಧ ಇಂಚಿನ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ತಲೆ ತೂರುತ್ತದೆ, ತೂರಿದ ತಲೆ ವಾಪಸು ಬರುವುದಿಲ್ಲ. ಒಂದೆರಡು ಕಡೆಯಾದರೂ ಕಂಬಿ ಅಡ್ಡಡ್ಡ ಇದ್ದರೆ ಒಳ್ಳೆಯದು. ಗಿಳಿಗೆ ಕೊಕ್ಕೇ ಮೂರನೆಯ ಕಾಲು. ಕಚ್ಚಿ ಹಿಡಿದು ಏಣಿ ಹತ್ತಿದ ಹಾಗೆ ಹತ್ತುತ್ತದೆ.

ಕಚ್ಚುವ ಈ ಚಾಳಿಯಿಂದಲೇ ಇನ್ನೊಂದು ಅಪಾಯ. ಸತುವಿನ ಲೇಪ ಹಾಕಿದ ಅಗ್ಗದ ತಂತಿ ಪಂಜರದ ಚಕ್ಕೆ ಹೊಟ್ಟೆಗೆ ಹೋದರೆ ಹಕ್ಕಿಗೆ ವಿಷ. ಸ್ಟೇನ್‌ಲೆಸ್ ಸ್ಟೀಲ್ ದುಬಾರಿ. ನಾವು ತಂದದ್ದು ಪೌಡರ್ ಕೋಟಿಂಗಿನದು, ಬಣ್ಣ ಎದ್ದಿಲ್ಲವೆಂದು ಉಗುರಿನಿಂದ ಕೆರೆದು ನೋಡಿಯೇ ತಂದದ್ದು. ಮೇಲೆ ಎತ್ತುವ ಸಣ್ಣ ಬಾಗಿಲುಗಳಿಗೆ ಕೀ ಬಂಚಿನ ಕೊಕ್ಕೆ ಹಾಕಿದೆ. ಕೊಕ್ಕಿನಿಂದ ಬಾಗಿಲು ಎತ್ತುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಪಂಜರದ ಜೊತೆಗೇ ಬಂದಿದ್ದ ಎರಡು ನುಣುಪು ಪ್ಲಾಸ್ಟಿಕ್ ಕೋಲನ್ನು ಮೇಷ್ಟ್ರು ಕಿತ್ತು ಪಕ್ಕಕ್ಕಿಟ್ಟರು. ಇಡೀ ದಿನ ಒಂದೇ ದಪ್ಪದ ಕೋಲಿನ ಮೇಲೆ ನಿಂತರೆ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ಅವರ ಹಿತ್ತಲಿನಿಂದಲೇ ಸೀಬೆ ಕೊಂಬೆ ಬಂತು. ಔಷಧಿ ಹೊಡೆಯದ ಮರದ್ದು. ಒಂದು ಕಡೆ ಹೆಬ್ಬೆರಳ ದಪ್ಪ, ಇನ್ನೊಂದು ಕಡೆ ಕಿರುಬೆರಳಷ್ಟು, ನಡುವೆ ಎರಡು ಗಂಟು. ಉಜ್ಜಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದೆವು, ತೊಗಟೆ ಹಾಗೇ ಬಿಟ್ಟೆವು, ಸುಲಿಯುವ ಕೆಲಸ ಹಕ್ಕಿಯದು. ಕೊಂಬೆಯ ನೇರಕ್ಕೆ ಕೆಳಗೆ ನೀರಿನ ಬಟ್ಟಲು ಇಟ್ಟಿದ್ದೆ; ಹಿಕ್ಕೆ ಎಲ್ಲಿ ಬೀಳುತ್ತದೆಂದು ಹೊಳೆದ ಮೇಲೆ ಪಕ್ಕಕ್ಕೆ ಸರಿಸಿದೆ. ತಳಕ್ಕೆ ಹಾಸಿದ್ದು ಹಳೇ ಪೇಪರು. ಕೊಕ್ಕು ತೇಯಲು, ಸುಣ್ಣದ ಅಂಶ ಸಿಗಲು ಕಟಲ್‌ಬೋನ್ ಬೇಕೆಂದರು. ತಂದು ನೋಡಿದರೆ ಗ್ರಂಥಿಗೆ ಅಂಗಡಿಯಲ್ಲಿ ಅಜ್ಜಿ ಕೊಳ್ಳುತ್ತಿದ್ದ ಸಮುದ್ರ ನೊರೆ! ಪ್ಯಾಕೆಟ್ಟಿನಲ್ಲಿ ‘ಮಿಲೆಟ್ ಸ್ಪ್ರೇ’ ಎಂದು ಮಾರುವುದೂ ಅಷ್ಟೇ, ನಮ್ಮ ನವಣೆ ತೆನೆ.

ಪಂಜರ ಎಲ್ಲಿಡುವುದು ಎಂಬುದಕ್ಕೇ ಮನೆಯಲ್ಲಿ ಹೆಚ್ಚು ಜಗಳವಾಯಿತು. ಅಡುಗೆಮನೆ ಕಿಟಕಿಯ ಹತ್ತಿರ ಇಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದು ನನ್ನ ವಾದ. ಅದಕ್ಕಿಂತ ಕೆಟ್ಟ ಜಾಗ ಇಡೀ ಮನೆಯಲ್ಲಿ ಇರಲಿಲ್ಲ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಒಂದೊಂದು ಉಸಿರಿನಲ್ಲೂ ಅದು ನಮಗಿಂತ ಚೆನ್ನಾಗಿ ಆಮ್ಲಜನಕ ಹೀರುತ್ತದೆ. ವಿಷವನ್ನೂ ಅಷ್ಟೇ ಚೆನ್ನಾಗಿ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲ ಪತ್ತೆಗೆ 1980ರ ದಶಕದವರೆಗೂ ಕ್ಯಾನರಿ ಹಕ್ಕಿ ಇಟ್ಟಿದ್ದು ಇದಕ್ಕೇ. ದೋಸೆಗೆಂದು ಒಲೆಯ ಮೇಲಿಟ್ಟ ನಾನ್‌ಸ್ಟಿಕ್ ತವಾ ಮರೆತು ಅತಿಯಾಗಿ ಕಾದರೆ ಅದರ ಲೇಪದಿಂದ ಏಳುವ ಹೊಗೆ ನಮ್ಮ ಮೂಗಿಗೆ ಗೊತ್ತೇ ಆಗದಿರಬಹುದು, ಪಂಜರದ ಹಕ್ಕಿ ಮಾತ್ರ ನಿಮಿಷಗಳಲ್ಲಿ ಸಾಯಬಹುದು. ಅಟ್ಟದ ಮೇಲಿದ್ದ ಅಮ್ಮನ ಕಬ್ಬಿಣದ ಕಾವಲಿ ಕೆಳಗಿಳಿಯಿತು. ಊದುಬತ್ತಿ ದೇವರ ಕೋಣೆಯ ಬಾಗಿಲ ಒಳಗೇ, ಸೊಳ್ಳೆ ಕಾಯಿಲ್ ಬಂದ್.

ಕೊನೆಗೆ ಪಂಜರ ಸೇರಿದ್ದು ಹಾಲ್‌ನ ಎರಡು ಗೋಡೆ ಕೂಡುವ ಕಡೆ, ನಮ್ಮ ಎದೆಮಟ್ಟದ ಸ್ಟ್ಯಾಂಡಿನ ಮೇಲೆ. ಬೆಳಕು ಬರುತ್ತದೆ, ಮಧ್ಯಾಹ್ನದ ಬಿಸಿಲು ಬೀಳುವುದಿಲ್ಲ.

ಊರಿಂದ ಬಂದ ಅಮ್ಮ ಮೊದಲು ಹೇಳಿದ್ದು, ‘ಅದಕ್ಕೊಂದು ಹಸಿಮೆಣಸಿನಕಾಯಿ ಕೊಡೋ.’ ನಾನು ನಕ್ಕೆ. ತಪ್ಪು ನನ್ನದೇ. ಮೆಣಸಿನ ಖಾರ ಹಕ್ಕಿಗಳ ನಾಲಗೆಗೆ ಹತ್ತುವುದೇ ಇಲ್ಲ. ಕೊಡಬಾರದ್ದು ಬೆಣ್ಣೆಹಣ್ಣು, ಚಾಕೊಲೇಟು, ಈರುಳ್ಳಿ.

ಹಕ್ಕಿ ಬಂದ ದಿನ ಜುಟ್ಟು ನೆಟ್ಟಗೆ ನಿಂತದ್ದು ಇಳಿಯಲಿಲ್ಲ. ಕಾಳು ಮುಟ್ಟಲಿಲ್ಲ. ರಾತ್ರಿ ಮೂರು ಕಡೆ ಹತ್ತಿ ಬಟ್ಟೆ ಹೊದಿಸಿ, ಸಣ್ಣ ದೀಪ ಉರಿಸಿಟ್ಟೆವು. ಕಗ್ಗತ್ತಲಲ್ಲಿ ಕಾಕಟೀಲ್ ಬೆಚ್ಚಿಬಿದ್ದು ಕಂಬಿಗೆ ಬಡಿದುಕೊಳ್ಳುವುದುಂಟು. ನಾಳೆಯೂ ತಿನ್ನದಿದ್ದರೆ ಪಶುವೈದ್ಯರ ಹತ್ತಿರ ಹೋಗಬೇಕೆಂದು ಮೇಷ್ಟ್ರು ಹೇಳಿದ್ದರಿಂದ ಮಗಳಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿದ್ದಾಗ ಹಾಲ್‌ನಿಂದ ಸಣ್ಣಗೆ ಪಟಪಟ ಸದ್ದು. ನಾನೂರು ರೂಪಾಯಿಯ ಜೋಕಾಲಿ ಖಾಲಿ. ಗೋಡೆ ಕಡೆಯ ಮೂಲೆಯಲ್ಲಿ, ಸೀಬೆ ಕೊಂಬೆಯ ತುದಿಗೆ ಅಂಟಿಕೊಂಡು, ಜುಟ್ಟು ಮಲಗಿಸಿ, ಅದು ನವಣೆ ತೆನೆ ಬಿಡಿಸುತ್ತಿತ್ತು. ಸಿಪ್ಪೆಯೆಲ್ಲ ನಾನು ಆಗಷ್ಟೇ ಬದಲಿಸಿದ್ದ ನೀರಿನಲ್ಲಿ.