ತಗಡಿನ ಮೇಲೆ ಒಂದೇ ಸಮನಾದ ಲೇಸರ್ ಗುರುತು



ಪಂಪ್‌ಸೆಟ್ಟಿನ ಮೇಲೆ ನಂಬರು ಇರುವ ಸಣ್ಣ ತಗಡನ್ನು ತಾವೆಲ್ಲ ನೋಡಿದ್ದೀರಿ. ಮೋಟಾರು ಸುಟ್ಟು ಗ್ಯಾರಂಟಿ ಕೇಳಲು ಹೋದಾಗ ಆ ನಂಬರು ಬೇಕು. ಅಳಿಸಿಹೋಗಿದ್ದರೆ ರೈತನಿಗೆ ತೊಂದರೆ. ಆನೋಡೈಸ್ ಮಾಡಿದ ಅಲ್ಯೂಮಿನಿಯಂ ತಗಡಿಗೆ ಲೇಸರಿನಿಂದ ನಂಬರು ಹಾಕುವ ಕೆಲಸ ಈಗ ಸಣ್ಣ ಕಾರ್ಖಾನೆಗಳಲ್ಲೂ ನಡೆಯುತ್ತದೆ. ಸಾಲ ಮಾಡಿ ಈ ಯಂತ್ರ ಕೊಳ್ಳಬೇಕೆಂದಿರುವ ಹಳ್ಳಿಯ ಯುವಕರು ಒಂದು ಮಾತು ತಿಳಿದಿರಬೇಕು. ನೂರರಲ್ಲಿ ಹತ್ತು ತಗಡು ಮಸುಕಾದರೂ ಇಡೀ ಮಾಲು ವಾಪಸು ಬರಬಹುದು.

ಆನೋಡೈಸ್ ಎಂದರೇನು? ತಗಡನ್ನು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೇಲೆ ಗಟ್ಟಿಯಾದ ಪೊರೆ ಬೆಳೆಯುತ್ತದೆ. ಅದರ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. 1000 ಮೈಕ್ರಾನ್ ಸೇರಿದರೆ 1 ಮಿಲಿಮೀಟರ್. ಪೊರೆಯ ಸಣ್ಣ ರಂಧ್ರಗಳಿಗೆ ಬಣ್ಣ ಕುಡಿಸಿ, ಕುದಿಯುವ ನೀರಿನಲ್ಲಿ ಅದ್ದಿ ರಂಧ್ರಗಳನ್ನು ಮುಚ್ಚುತ್ತಾರೆ. ಲೇಸರ್ ತಗಲಿದ ಕಡೆ ಬಣ್ಣ ಹೋಗಿ ಬಿಳಿಯ ಅಕ್ಷರ ಮೂಡುತ್ತದೆ. ಮಣ್ಣಿನ ಆಳ ಬೇರೆಯಾದರೆ ಪೈರು ಏರುಪೇರಾಗುವಂತೆ, ಪೊರೆಯ ದಪ್ಪವೋ ಬಣ್ಣವೋ ಬದಲಾದರೆ ಗುರುತೂ ಬದಲಾಗುತ್ತದೆ.

ಆದ್ದರಿಂದ ಹೀಗೆ ಮಾಡಬೇಕು:

1. ಒಂದೇ ಸಲ ಆನೋಡೈಸ್ ಆದ ತಗಡುಗಳನ್ನು ಬೇರೆ ಇಡಿ. ಹಳೆಯ ಮಾಲಿನೊಡನೆ ಬೆರೆಸಬೇಡಿ.

2. ಹೊಸ ಮಾಲು ಬಂದಾಗ ಅದರದೇ ಒಂದು ತಗಡಿನ ಮೇಲೆ ಶಕ್ತಿ, ವೇಗಗಳನ್ನು ಬದಲಿಸುತ್ತ ಸಣ್ಣ ಚೌಕಗಳನ್ನು ಹಾಕಿ ನೋಡಿ. ಚೆನ್ನಾಗಿ ಬಂದುದರ ಅಳತೆ ಬರೆದಿಡಿ.

3. ಎಣ್ಣೆ, ಬೆರಳಿನ ಜಿಡ್ಡು ಒರೆಸಿ.

4. ತಗಡು ಮಟ್ಟಸವಾಗಿ, ಮಸೂರದಿಂದ ಒಂದೇ ದೂರದಲ್ಲಿರಲಿ. ಬಾಗಿದ್ದರೆ ಒಂದು ಮೂಲೆ ಸ್ಪಷ್ಟ, ಇನ್ನೊಂದು ಮಸುಕು.

5. ಮಸುಕಾಯಿತೆಂದು ಕೂಡಲೇ ಶಕ್ತಿ ಹೆಚ್ಚಿಸಬೇಡಿ. ಮೊದಲು ದೂರವನ್ನೂ ಮಸೂರದ ಧೂಳನ್ನೂ ನೋಡಿ. ಶಕ್ತಿ ಅತಿಯಾದರೆ ಪೊರೆ ಹಾಳಾಗಿ ಲೋಹ ಬಯಲಾಗುತ್ತದೆ. ತೇವದಲ್ಲಿ ಅದು ಬೇಗ ಕೆಡುತ್ತದೆ.

6. ಕೆಲಸದ ನಡುನಡುವೆ ಒಂದು ತಗಡನ್ನು ಮೊದಲಿನ ಮಾದರಿಯ ಪಕ್ಕದಲ್ಲಿಟ್ಟು ಹೋಲಿಸಿ.

ಈ ಕೆಲಸಕ್ಕೆ ಬಳಸುವ ಲೇಸರುಗಳಲ್ಲಿ ಇಂಗಾಲದ ಡೈ ಆಕ್ಸೈಡಿನದೂ ಒಂದು. 1964ರಲ್ಲಿ ಅದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು. ಅದರ ಕಿರಣವೂ, ಫೈಬರ್ ಲೇಸರಿನ ಕಿರಣವೂ ನಮಗೆ ಕಾಣವು. ಆದರೆ ಕಣ್ಣನ್ನೇ ಕಳೆಯಬಲ್ಲವು. ಆಯಾ ಲೇಸರಿಗೆಂದೇ ಮಾಡಿದ ಕನ್ನಡಕ ಹಾಕಿಕೊಳ್ಳಿ. ತಂಪು ಕನ್ನಡಕ ಸಾಲದು. ಹೊಗೆ ಹೊರಕ್ಕೆ ಹೋಗುವ ಏರ್ಪಾಡೂ ಇರಲಿ.

ಯಂತ್ರ ಕೊಳ್ಳುವ ಮುನ್ನ, ತಮಗೆ ಕೆಲಸ ಕೊಡುವವರ ತಗಡನ್ನೇ ಒಯ್ದು ಅದರ ಮೇಲೆ ಐವತ್ತು ಗುರುತು ಹಾಕಿಸಿ ನೋಡಿ. ಐವತ್ತೂ ಒಂದೇ ಸಮನಾಗಿ ಬಂದರೆ ಮಾತ್ರ ಸಾಲದ ಅರ್ಜಿಗೆ ರುಜು ಹಾಕಿ.