ಕಾರಿನ ನೆತ್ತಿಯ ಮೇಲಿನ ಹೊರೆ

ರೇಷ್ಮೆ, ಮಾವು, ಹುಣಸೆಗಳ ಸೀಮೆಯಾದ ನಮ್ಮ ಕೋಲಾರ ಜಿಲ್ಲೆಯ ಜನರಿಗೆ ವಾಹನದ ನೆತ್ತಿಯ ಮೇಲೆ ಹೊರೆಯೇರಿಸುವುದು ಹೊಸ ಸಂಗತಿಯಲ್ಲ. ಖಾಸಗಿ ಬಸ್ಸುಗಳ ಬೆನ್ನಿಗೆ ಏಣಿ ಇದ್ದ ಕಾಲದಲ್ಲಿ ಶ್ರೀನಿವಾಸಪುರದ ಮಾವಿನ ಬುಟ್ಟಿ, ಹುಣಸೆಹಣ್ಣಿನ ಮೂಟೆ, ಪಟ್ಟಣದ ಶಾಲೆಗೆ ಹೊರಟ ಹುಡುಗನ ಸೈಕಲ್ಲು ಎಲ್ಲವೂ ಟಾಪಿನ ಮೇಲೆಯೇ ಪ್ರಯಾಣ ಮಾಡುತ್ತಿದ್ದವು. ಇವುಗಳಲ್ಲಿ ಹೆಚ್ಚು ಹಗ್ಗ ಬೇಡುತ್ತಿದ್ದುದು ಮೂಟೆಯಲ್ಲ, ಚಂದ್ರಿಕೆ. ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಆ ಬಿದಿರಿನ ತಟ್ಟಿ ಎತ್ತಲು ಹಗುರ. ಆದರೆ ಆರಡಿ ಉದ್ದ, ನಾಲ್ಕಡಿ ಅಗಲದ ಅದರ ಮೈಗೆ ಗಾಳಿ ಹೊಕ್ಕಿತೆಂದರೆ ಕಟ್ಟಿದ ಹಗ್ಗವನ್ನೇ ಎಳೆದಾಡಿಬಿಡುತ್ತದೆ. ಭಾರವಾದ ಮೂಟೆ ಕುಳಿತಲ್ಲೇ ಕುಳಿತಿರುತ್ತದೆ, ಹಗುರವಾದ ತಟ್ಟಿ ಹಾರುತ್ತದೆ ಎಂಬುದನ್ನು ನಮ್ಮ ಹಿರಿಯರು ಯಾವ ವಿಜ್ಞಾನದ ಪುಸ್ತಕವನ್ನೂ ಓದದೆ ಅರಿತಿದ್ದರು.

ಈ ಹಳೆಯ ಮಾತನ್ನು ಈಗ ನೆನೆಯಲು ಕಾರಣವಿದೆ. ಇಂದು ನಮ್ಮ ಅನೇಕ ಮನೆಗಳ ಮುಂದೆ ಕಾರು ನಿಂತಿದೆ. ಮಕ್ಕಳ ಕೈಯಲ್ಲಿ ಗೇರಿನ ಸೈಕಲ್ಲುಗಳಿವೆ. ಬೆಂಗಳೂರಿನಲ್ಲಿ ದುಡಿಯುವ ತರುಣರು ಭಾನುವಾರದ ಬೆಳಗಿನಲ್ಲಿ ಸೈಕಲ್ಲನ್ನು ಕಾರಿನ ಮೇಲೇರಿಸಿಕೊಂಡು ಮುಳಬಾಗಿಲಿನವರೆಗೆ ಬಂದು, ಅಲ್ಲಿಂದ ಆವಣಿಯ ಕಡೆಗೋ ಕುರುಡುಮಲೆಯ ಕಡೆಗೋ ತುಳಿಯುತ್ತ ಹೋಗುವುದುಂಟು. ಪರದೇಶದಿಂದ ಮರಳಿದ ಮಕ್ಕಳು ಕಯಾಕ್ ಎಂಬ ಒಬ್ಬರು ಕೂರುವ ಕಿರುದೋಣಿಯ ಮಾತನ್ನೂ ಆಡುತ್ತಾರೆ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವ ಬಂಧುವೊಬ್ಬರು, ಇಬ್ಬರು ಮಕ್ಕಳ ಸೈಕಲ್ಲು ಸಾಗಿಸಲು ಯಾವ ಕ್ಯಾರಿಯರ್ ಕೊಳ್ಳುವುದು ಲೇಸೆಂದು ನಮ್ಮನ್ನು ಕೇಳಿದರು. ಕ್ಯಾರಿಯರಿನ ವಿಚಾರವನ್ನು ಅಂಗಡಿಯಿಂದ ಆರಂಭಿಸಬಾರದು, ನಿಮ್ಮ ಕಾರಿನ ಚಾವಣಿಯಿಂದ ಆರಂಭಿಸಬೇಕು ಎಂಬುದೇ ನಾವು ಅವರಿಗೆ ಹೇಳಿದ ಮೊದಲ ಮಾತು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಮುಂತಾದ ಹಳೆಯ ಗಾಡಿಗಳನ್ನು ಓದುಗರು ಮರೆತಿರಲಾರರು. ಅವುಗಳ ಬಾಗಿಲುಗಳ ಮೇಲೆ ಮಳೆನೀರು ಹರಿದುಹೋಗಲೆಂದು ತಗಡಿನ ಅಂಚೊಂದು ಕಾಲುವೆಯಂತೆ ಮಡಿಚಿಕೊಂಡಿತ್ತು. ಕ್ಯಾರಿಯರಿನ ಕಾಲುಗಳನ್ನು ಆ ಅಂಚಿಗೆ ಸಿಕ್ಕಿಸಿ ಬೋಲ್ಟು ಬಿಗಿದರೆ ಕೆಲಸ ಮುಗಿಯಿತು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಈಗಿನ ಕಾರುಗಳ ಚಾವಣಿ ನುಣುಪು. ಆ ಕಾಲುವೆಯಂಚು ಇಲ್ಲವೇ ಇಲ್ಲ. ಅದರ ಬದಲಾಗಿ ಹಲವು ಕಾರುಗಳ ನೆತ್ತಿಯ ಎರಡು ಬದಿಗಳಲ್ಲಿ ಉದ್ದನೆಯ ಬೆಳ್ಳಿ ಬಣ್ಣದ ಕಂಬಿಗಳು ಕಾಣುತ್ತವೆ. ಮೋಸ ಹೋಗುವುದು ಇಲ್ಲಿಯೇ. ಈ ಕಂಬಿಗಳಲ್ಲಿ ಅನೇಕವು ಕೇವಲ ಅಲಂಕಾರಕ್ಕೆ ಅಂಟಿಸಿದವು, ಹೊರೆ ಹೊರುವುದಕ್ಕಲ್ಲ. ಕಿವಿಯೋಲೆಗೆ ಕೊಡ ನೇತುಹಾಕಿದಂತೆ ಅವುಗಳಿಗೆ ಕ್ಯಾರಿಯರ್ ಬಿಗಿದರೆ ಒಂದು ದಿನ ಕಂಬಿ, ಕ್ಯಾರಿಯರ್, ಸೈಕಲ್ಲು ಮೂರೂ ಒಟ್ಟಾಗಿ ರಸ್ತೆಗೆ ಬೀಳುತ್ತವೆ. ನಿಜವಾದ ಕಂಬಿಯೋ ಅಲಂಕಾರದ್ದೋ ಎಂಬುದನ್ನು ಕಾರಿನೊಂದಿಗೆ ಬಂದ ಮಾಲೀಕರ ಕೈಪಿಡಿ ಹೇಳುತ್ತದೆ. ಆ ಪುಸ್ತಕವನ್ನು ನಮ್ಮಲ್ಲಿ ಎಷ್ಟು ಜನ ತೆರೆದು ನೋಡಿದ್ದಾರೋ!

ಕೈಪಿಡಿಯಲ್ಲಿ ಹುಡುಕಬೇಕಾದ ಮತ್ತೊಂದು ಅಂಶವೆಂದರೆ ಚಾವಣಿ ಹೊರಬಲ್ಲ ಭಾರ. ಕಾರು ನಿಂತಿರುವಾಗ ಅದರ ಚಾವಣಿ ಬಹಳಷ್ಟನ್ನು ಹೊರಬಲ್ಲುದು. ಓಡುವಾಗಿನ ಮಾತು ಬೇರೆ. ಹಳ್ಳಿಯ ಮುಂದಿನ ಉಬ್ಬು ಹಾರಿದಾಗ, ತಿರುವಿನಲ್ಲಿ ವಾಲಿದಾಗ, ಎದುರಿಗೆ ದನ ಬಂದು ಬ್ರೇಕು ಒತ್ತಿದಾಗ ಅದೇ ಹೊರೆ ತನ್ನ ತೂಕಕ್ಕಿಂತ ಹೆಚ್ಚಾಗಿ ಎಳೆಯುತ್ತದೆ. ಆದ್ದರಿಂದ ಕಂಪನಿಗಳು ಓಡುವ ಕಾರಿಗೆ ಕೊಡುವ ಮಿತಿ ಚಿಕ್ಕದು. ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಅದು ಸಾಮಾನ್ಯವಾಗಿ 50ರಿಂದ 75 ಕಿಲೋ. ಕೆಲವು ಮಾದರಿಗಳಲ್ಲಿ ಚಾವಣಿಯ ಮೇಲೆ ಏನನ್ನೂ ಕಟ್ಟಬಾರದೆಂದೇ ಬರೆದಿರುತ್ತಾರೆ. ಚಾವಣಿಯ ಬಹುಭಾಗ ಗಾಜಿನದಾಗಿರುವ ಕಾರುಳ್ಳವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಈ ಮಿತಿಯೊಳಗೆ ಕ್ಯಾರಿಯರಿನ ಸ್ವಂತ ತೂಕವೂ ಸೇರಿದೆಯೆಂಬುದನ್ನು ಮರೆಯುವವರೇ ಹೆಚ್ಚು. ಲೆಕ್ಕ ಹಾಕಿ ನೋಡೋಣ. 50 ಕಿಲೋ ಮಿತಿಯ ಕಾರು ಎಂದಿಟ್ಟುಕೊಳ್ಳಿ. ಎರಡು ಅಡ್ಡಪಟ್ಟಿಗಳಿಗೆ 6 ಕಿಲೋ, ಸೈಕಲ್ಲು ನಿಲ್ಲಿಸುವ ಎರಡು ತೊಟ್ಟಿಲುಗಳಿಗೆ ತಲಾ 4ರಂತೆ 8 ಕಿಲೋ, 15 ಕಿಲೋ ತೂಗುವ ಎರಡು ಗೇರಿನ ಸೈಕಲ್ಲುಗಳಿಗೆ 30 ಕಿಲೋ, ಒಟ್ಟು 44. ಹಾಯಾಗಿ ಹೋಗಬಹುದು. ಅದೇ ಜಾಗದಲ್ಲಿ ಅಜ್ಜನ ಕಾಲದ 20 ಕಿಲೋ ತೂಕದ ಎರಡು ಕಬ್ಬಿಣದ ಸೈಕಲ್ಲುಗಳನ್ನು ನಿಲ್ಲಿಸಿದರೆ 54 ಆಗಿ ಮಿತಿ ದಾಟಿತು. ಇನ್ನು ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನಿಂದ ಮಾಡಿಸಿದ ದೊಡ್ಡ ಪಂಜರದ ಕ್ಯಾರಿಯರ್ ತಾನೇ 18 ಕಿಲೋ ತೂಗೀತು. ಅದರ ಮೇಲೆ 20 ಕಿಲೋ ಮಾವು ತುಂಬಿದ ಎರಡು ಕ್ರೇಟುಗಳನ್ನಿಟ್ಟರೆ 60ರ ಸಮೀಪ. ಮೇ, ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದಿಂದ ಬೆಂಗಳೂರಿನ ನೆಂಟರಿಗೆ ಹಣ್ಣು ಒಯ್ಯುವ ಬಂಧುಗಳಿಗೆ ನಮ್ಮ ಬಿನ್ನಹ ಇಷ್ಟೇ: ಭಾರದ್ದೆಲ್ಲ ಡಿಕ್ಕಿಯಲ್ಲಿ, ಕೆಳಗೆ ಇರಲಿ. ನೆತ್ತಿಯ ಜಾಗ ಹಗುರವಾದರೂ ಒಳಗೆ ಹಿಡಿಸಲಾರದ ವಸ್ತುಗಳಿಗೆ ಮೀಸಲು. ಮೇಲೆ ಭಾರ ಹೆಚ್ಚಿದಷ್ಟೂ ಕಾರು ತಿರುವಿನಲ್ಲಿ ಹೊರಳುವ ಸಂಭವ ಹೆಚ್ಚು.

ಸೈಕಲ್ಲಿನ ತೊಟ್ಟಿಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸೈಕಲ್ಲು ಎರಡು ಗಾಲಿಗಳ ಮೇಲೆ ನಿಂತಿರುತ್ತದೆ. ಬದಿಯಿಂದ ಎದ್ದ ತೋಳೊಂದು ಅದರ ಕೆಳಕಂಬಿಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದರಲ್ಲಿ ಮುಂದಿನ ಗಾಲಿಯನ್ನು ಬಿಚ್ಚಿ ಫೋರ್ಕನ್ನು ಪಟ್ಟಿಗೆ ಬಿಗಿಯಬೇಕು. ಎರಡನೆಯದರ ಹಿಡಿತ ಗಟ್ಟಿ, ಎತ್ತರವೂ ಕಡಿಮೆ. ಆದರೆ ನಟ್ಟು ಹಾಕಿದ ಸಾದಾ ಸೈಕಲ್ಲಿಗೆ ಪ್ರತಿಸಲವೂ ಪಾನಾ ಹಿಡಿದು ಕೂರಬೇಕಾಗುತ್ತದೆ. ಮಕ್ಕಳ ಸೈಕಲ್ಲಿರುವ ಮನೆಗೆ ಮೊದಲನೆಯದೇ ಅನುಕೂಲ. ಕೊಳ್ಳುವ ಮೊದಲು ನಿಮ್ಮ ಸೈಕಲ್ಲನ್ನೇ ಅಂಗಡಿಗೆ ಒಯ್ದು ನಿಲ್ಲಿಸಿ ನೋಡಿ. ಹೆಣ್ಣುಮಕ್ಕಳ ಸೈಕಲ್ಲಿನ ಬಾಗಿದ ಕಂಬಿಗೆ ಆ ತೋಳು ಕೆಲವೊಮ್ಮೆ ಸರಿಯಾಗಿ ಕೂರುವುದಿಲ್ಲ.

ಕಾರಿನ ಹಿಂಬಾಗಿಲಿಗೆ ಪಟ್ಟಿ ಬಿಗಿದು ಸೈಕಲ್ಲು ನೇತುಹಾಕುವ ಅಗ್ಗದ ಸಾಧನವೂ ದೊರೆಯುತ್ತದೆ. ಎತ್ತಿಡಲು ಸುಲಭ, ಗಾಳಿಯ ಕಾಟವೂ ಕಡಿಮೆ. ಆದರೆ ಅದು ನೋಂದಣಿ ಫಲಕವನ್ನೂ ಹಿಂದಿನ ಕೆಂಪು ದೀಪಗಳನ್ನೂ ಮರೆಮಾಡುತ್ತದೆ. ರಾತ್ರಿಯ ಹೆದ್ದಾರಿಯಲ್ಲಿ ನಿಮ್ಮ ಬ್ರೇಕು ದೀಪ ಹಿಂದಿನ ಲಾರಿಯವನಿಗೆ ಕಾಣದಿದ್ದರೆ ಗತಿಯೇನು? ನಾವಂತೂ ಇದನ್ನು ಒಪ್ಪುವುದಿಲ್ಲ.

ಕಯಾಕಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಕೋಲಾರ ವರ್ಷವಿಡೀ ಹರಿಯುವ ನದಿಯಿಲ್ಲದ ಕೆರೆಗಳ ನಾಡು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಿಂದ 2018ರಿಂದ ಈಚೆಗೆ ನಮ್ಮ ಅನೇಕ ಕೆರೆಗಳಿಗೆ ನೀರು ಬಂದಿದೆ ನಿಜ. ಆದರೆ ಅದು ಬೆಂಗಳೂರಿನ ಬಳಕೆಯ ನೀರನ್ನು ಸಂಸ್ಕರಿಸಿ ಅಂತರ್ಜಲ ಹೆಚ್ಚಲೆಂದು ಹರಿಸಿದ್ದು, ಮಕ್ಕಳು ಮುಳುಗೇಳುವ ನೀರಲ್ಲ. ಇನ್ನು ಕಯಾಕ್ ನಡೆಸುವ ತಾಣಗಳಾದ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರು, ಹೊನ್ನಾವರದ ಶರಾವತಿ, ದಾಂಡೇಲಿಯ ಕಾಳಿ ಇವೆಲ್ಲ ಕಡೆಗಳಲ್ಲಿ ದೋಣಿಯೂ ರಕ್ಷಾಕವಚವೂ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಸ್ವಂತ ದೋಣಿಯೇ ಬೇಕೆಂಬ ಹಂಬಲವುಳ್ಳವರು ಅಳತೆ ನೋಡಿಕೊಳ್ಳಲಿ: ಪ್ಲಾಸ್ಟಿಕ್ಕಿನ ಕಯಾಕ್ 3ರಿಂದ 4 ಮೀಟರ್ ಉದ್ದ, 20ರಿಂದ 30 ಕಿಲೋ ತೂಕ. ನಮ್ಮ ಸಣ್ಣ ಕಾರುಗಳೇ 4 ಮೀಟರಿನೊಳಗಿನವು! ಅದನ್ನು ಕಟ್ಟುವುದಾದರೆ ಅಡ್ಡಪಟ್ಟಿಗಳ ಮೇಲಿನ ಎರಡು ಬಿಗಿತಗಳಷ್ಟೇ ಸಾಲವು. ದೋಣಿಯ ಮೂತಿಯನ್ನು ಕಾರಿನ ಮುಂಭಾಗಕ್ಕೂ ಬಾಲವನ್ನು ಹಿಂಭಾಗಕ್ಕೂ ಬೇರೆಯಾಗಿ ಕಟ್ಟಲೇಬೇಕು. ಗಾಳಿ ತುಂಬಿ ಉಬ್ಬಿಸುವ, ಮಡಿಚಿದರೆ ಡಿಕ್ಕಿಯಲ್ಲಿ ಅಡಗುವ ಕಯಾಕ್ ಸಣ್ಣ ಕಾರಿನವರಿಗೆ ಸಾಕು.

ಮತ್ತೆ ಚಂದ್ರಿಕೆಯ ಪಾಠಕ್ಕೆ ಬರೋಣ. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಕು ಮಡಿಯಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಲುಗದೆ ಕುಳಿತ ಸೈಕಲ್ಲು 90ರಲ್ಲಿ ಎರಡೂಕಾಲು ಪಟ್ಟು, 120ರಲ್ಲಿ ನಾಲ್ಕು ಪಟ್ಟು ಎಳೆತಕ್ಕೆ ಸಿಕ್ಕುತ್ತದೆ. ಕೋಲಾರ, ಮುಳಬಾಗಿಲುಗಳ ಮೂಲಕ ಆಂಧ್ರದ ಗಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವೇಗಕ್ಕೆ ಆಸೆಪಡುವವರು ಕಡಿಮೆಯೇ? ಮಾಲೂರಿನ ಸೀಮೆಯಲ್ಲಿ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯ ಕರ್ನಾಟಕದ ಭಾಗ 2024ರ ಕೊನೆಯಲ್ಲಿ ಸಂಚಾರಕ್ಕೆ ಒದಗಿದ ಮೇಲೆ ಆ ಆಸೆ ಇನ್ನಷ್ಟು ಬೆಳೆದಿದೆ. ಹೆದ್ದಾರಿ 75ರಲ್ಲಿ ನಮ್ಮ ಕಾರಿನ ಹಿಂದೆ ಬರುವವರು ಯಾರು? ಹೆಂಡತಿ, ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವ ಗೃಹಸ್ಥ. ನಮ್ಮ ಮೇಲಿನಿಂದ ಕಿತ್ತುಹೋದ 15 ಕಿಲೋ ಸೈಕಲ್ಲು ಬೀಳುವುದು ಅವರ ಮುಂದೆ. ನೆತ್ತಿಯ ಮೇಲೆ ಹೊರೆಯಿರುವಾಗ 80ರ ಮೇಲೆ ಹೋಗಬಾರದೆಂಬುದು ನಮ್ಮ ಕಟ್ಟುನಿಟ್ಟಾದ ಸಲಹೆ. ಕೈಪಿಡಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಪ್ರಮಾಣ.

ಇದೇ ಗಾಳಿ ಇಂಧನವನ್ನೂ ನುಂಗುತ್ತದೆ. ನೆತ್ತಿಯ ಮೇಲೆ ದೊಡ್ಡ ಮೊಂಡು ಪೆಟ್ಟಿಗೆ ಕಟ್ಟಿದ ಕಾರಿನ ಮೈಲೇಜು ನಗರದೊಳಗೆ ನೂರಕ್ಕೆ 2ರಿಂದ 8, ಅತಿವೇಗದ ಹೆದ್ದಾರಿಯಲ್ಲಿ ನೂರಕ್ಕೆ 10ರಿಂದ 25ರವರೆಗೆ ಇಳಿಯುತ್ತದೆಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ತಿಳಿಸುತ್ತದೆ. ಖಾಲಿ ಕ್ಯಾರಿಯರನ್ನು ಪ್ರತಿಷ್ಠೆಗೆಂದು ವರ್ಷವಿಡೀ ಹೊತ್ತು ತಿರುಗುವವರು ಪೆಟ್ರೋಲಿನ ಚೀಟಿಗಳನ್ನು ಒಮ್ಮೆ ಕೂಡಿ ನೋಡಲಿ.

ಕಟ್ಟುವ ವಿಧಾನದಲ್ಲಿ ಹಿರಿಯರ ಹಗ್ಗವನ್ನು ನಾವು ಹಳಿಯುವುದಿಲ್ಲ. ಗಂಟು ಬಲ್ಲವನ ಕೈಯಲ್ಲಿ ಅದು ಒಳ್ಳೆಯದೇ. ಆದರೆ ನೈಲಾನ್ ಹಗ್ಗ ದಾರಿಯಲ್ಲಿ ಹಿಗ್ಗುತ್ತದೆ. ಕೊಕ್ಕೆಯುಳ್ಳ ರಬ್ಬರಿನ ಪಟ್ಟಿಯಂತೂ ಹಾಸಿಗೆ ಕಟ್ಟಲಷ್ಟೇ ಯೋಗ್ಯ. ಬಕ್ಕಲ್ಲಿನ ಅಗಲವಾದ ನೇಯ್ಗೆಯ ಪಟ್ಟಿಯೇ ಉತ್ತಮ. ಅದನ್ನು ಎಳೆಯುವಾಗ ಒಂದು ಸುತ್ತು ತಿರುಚಿದರೆ ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಹೊರಟು ಹತ್ತು ಹದಿನೈದು ಕಿಲೋಮೀಟರಾದ ಮೇಲೆ ಗಾಡಿ ನಿಲ್ಲಿಸಿ ಎಲ್ಲ ಬಿಗಿತಗಳನ್ನೂ ಅಲುಗಿಸಿ ನೋಡತಕ್ಕದ್ದು. ಮೊದಲ ಸಡಿಲ ಬರುವುದು ಅಷ್ಟರೊಳಗೇ. ಪಟ್ಟಿಗಳನ್ನು ಬಾಗಿಲಿನೊಳಗೆ ಹಾಯಿಸಿ ಕಟ್ಟುವ ರೂಢಿ ಕೆಲವರಲ್ಲಿದೆ. ಬದಿಯ ಏರ್‌ಬ್ಯಾಗುಗಳಿರುವ ಕಾರುಗಳಲ್ಲಿ ಅದು ಕೂಡದು, ಅವು ಬಿಚ್ಚಿಕೊಳ್ಳುವ ಜಾಗಕ್ಕೇ ಅಡ್ಡ ಬರುತ್ತದೆ. ಚಾವಣಿಗೆ ತೂತು ಕೊರೆದು ಬೋಲ್ಟು ಹಾಕಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಕೈಮುಗಿದು ಬಂದುಬಿಡಿ. ಮುಂದಿನ ಮಳೆಗಾಲಕ್ಕೆ ನೀರು, ಅದರ ಮುಂದಿನದಕ್ಕೆ ತುಕ್ಕು.

ಎತ್ತರದ ವಿಚಾರವೂ ಇದೆ. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ಲು ನಿಂತರೆ ಒಟ್ಟು 2.6 ಮೀಟರನ್ನು ಮೀರುತ್ತದೆ. ರೈಲ್ವೆ ಕೆಳಸೇತುವೆಯ ಮುಂದೆ ಅಡ್ಡಕಂಬಿ ಇರುವುದನ್ನು ಕಂಡು ಜಾಗ್ರತೆ ವಹಿಸುವವರು ಸ್ವಂತ ಮನೆಯ ಪೋರ್ಟಿಕೋದಲ್ಲಿ, ಬೆಂಗಳೂರಿನ ಕಟ್ಟಡಗಳ ನೆಲಮಾಳಿಗೆಯಲ್ಲಿ ಮೈಮರೆಯುತ್ತಾರೆ. ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸುವುದು ಸರಳ ಉಪಾಯ.

ಕಾನೂನಿನ ಮಾತು ಸಂಕ್ಷೇಪದಲ್ಲಿ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 194ನೆಯ ಕಲಮಿನ 1ಎ ಉಪಕಲಮಿನಡಿ, ಹೊರೆಯು ವಾಹನದ ಮೈಯಿಂದ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಚಾಚಿದರೆ ಅಥವಾ ಎತ್ತರದ ಮಿತಿ ದಾಟಿದರೆ 20,000 ರೂಪಾಯಿ ದಂಡವಿದೆ. ಇಳಿಸುವ ಖರ್ಚು ಬೇರೆ. ಉದ್ದನೆಯ ದೋಣಿ ಕಟ್ಟುವವರು ಇದನ್ನು ಮನಸ್ಸಿನಲ್ಲಿಡಬೇಕು. ಅದೇ ಕಾಯಿದೆಯ 52ನೆಯ ಕಲಮು ವಾಹನದ ಮೂಲ ಸ್ವರೂಪವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಶಾಶ್ವತವಾಗಿ ಬೆಸೆದ ಕ್ಯಾರಿಯರಿಗಿಂತ ಬೇಕಾದಾಗ ಬಿಗಿದು ಬೇಡವಾದಾಗ ಬಿಚ್ಚುವಂಥದು ಲೇಸು. ಸಂದೇಹವಿದ್ದಲ್ಲಿ ಕೋಲಾರದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬಹುದು.

ಹೆಸರಾಂತ ಕಂಪನಿಯ ಸಾಮಾನು ದುಬಾರಿಯೆಂಬ ದೂರು ನಿಜವೇ. ಸ್ವೀಡನ್ನಿನ ಥೂಲೆ ಎಂಬ ಸಂಸ್ಥೆ ಈ ಉದ್ಯಮದಲ್ಲಿ ಲೋಕಪ್ರಸಿದ್ಧ. 1942ರಲ್ಲಿ ಅದು ಆರಂಭವಾದಾಗ ಮಾರುತ್ತಿದ್ದುದು ಮೀನು ಹಿಡಿಯುವ ಬೋನು ಎಂಬುದು ಸ್ವಾರಸ್ಯ. ಇಂಥವರು ಪ್ರತಿಯೊಂದು ಕಾರಿನ ಮಾದರಿಗೂ ತಕ್ಕ ಕಾಲುಗಳನ್ನು ಬೇರೆಯಾಗಿ ತಯಾರಿಸುತ್ತಾರೆ. ನಾವು ಹಣ ಕೊಡುವುದು ಆ ಹೊಂದಿಕೆಗೆ. ಕಾರಿನ ಕಂಪನಿಯವರೇ ಮಾರುವ ಪಟ್ಟಿಗಳು ದೊರೆತರೆ ಅವೂ ಆದೀತು. ಎಲ್ಲ ಕಾರುಗಳಿಗೂ ಹೊಂದುತ್ತದೆಂದು ಮಾರುವ ಅಗ್ಗದ ಸಾಮಾನು ಯಾವ ಕಾರಿಗೂ ಸರಿಯಾಗಿ ಹೊಂದುವುದಿಲ್ಲ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಸೈಕಲ್ಲು ಒಯ್ಯುವ ಮನೆಗೆ ಇದಾವುದೂ ಬೇಡ. ಗಾಲಿಗಳನ್ನು ಬಿಚ್ಚಿ, ಹಿಂದಿನ ಸೀಟು ಮಡಿಚಿ, ಹಳೆಯ ಜಮಖಾನೆ ಹಾಸಿ ಸೈಕಲ್ಲನ್ನು ಒಳಗೇ ಮಲಗಿಸಬಹುದು. ಮಾಲೂರಿನ ಬಂಧುಗಳು ಕೊನೆಗೆ ಮಾಡಿದ್ದೂ ಅದನ್ನೇ. ಅವರ ಕಾರಿನ ಬೆಳ್ಳಿ ಕಂಬಿಗಳು ಅಲಂಕಾರದವೆಂದು ಕೈಪಿಡಿಯಲ್ಲಿ ಬರೆದಿತ್ತು.

ಕ್ಯಾರಿಯರ್ ಕೊಂಡವರು ಪ್ರವಾಸ ಮುಗಿದೊಡನೆ ಅದನ್ನು ಬಿಚ್ಚಿ, ಕಾಲುಗಳ ಅಡಿಯ ಮರಳನ್ನು ಒರೆಸಿ, ನಟ್ಟು ಕೀಲಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಪಟ್ಟಿಗೇ ಕಟ್ಟಿಡಲಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ನೇಯ್ಗೆಯ ಪಟ್ಟಿಗಳು ಬಣ್ಣಗೆಟ್ಟು ಪುಡಿಯುದುರಲು ಆರಂಭಿಸುತ್ತವೆ. ಹಾಗಾದ ಪಟ್ಟಿಯನ್ನು ಕತ್ತರಿಸಿಯೇ ಎಸೆಯಬೇಕು. ಇಡಿಯಾಗಿ ಅಟ್ಟದ ಮೇಲಿಟ್ಟರೆ ಮುಂದಿನ ಸಲ ಅವಸರದಲ್ಲಿ ಯಾರಾದರೂ ಅದನ್ನೇ ತೆಗೆದು ಕಟ್ಟುತ್ತಾರೆ.