ನಮ್ಮ ನಾಡಿನ ಓಟದ ಮೋಟಾರುಗಳು

ಕೃಷ್ಣೆಯ ದಂಡೆಯ ಮೇಲಿರುವ ಜುಗೂಳದವರಿಗೆ ಓಟದ ವಾಹನವೆಂದರೆ ಏನೆಂಬುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಎದುರು ದಂಡೆಯಲ್ಲಿ ಖಿದ್ರಾಪುರದ ಕೋಪೇಶ್ವರ, ಈಚೆಗೆ ಕಬ್ಬಿನ ಹೊಲಗಳು. ಹೊಳೆಯ ಎರಡು ಕಡೆಗೆ ಆಡುವ ಮಾತು ಬೇರೆಯಾದರೂ ಗಾಡಿ ಶರ್ಯತ್ತಿನ ಹುಚ್ಚು ಒಂದೇ. ಕಬ್ಬು ಹೇರುವ ಗಾಡಿಯನ್ನು ಯಾರೂ ಶರ್ಯತ್ತಿಗೆ ಹೂಡುವುದಿಲ್ಲ. ಅದಕ್ಕೆ ಬೇರೆಯೇ ಒಂದು ಹಗುರಾದ ಗಾಡಿ ಬೇಕು. ಎಲ್ಲಿ ಕಟ್ಟಿಗೆಯನ್ನು ಉಳಿಸಬಹುದು, ಎಲ್ಲಿ ಉಳಿಸಿದರೆ ಗಾಡಿ ಮುರಿದೀತು ಎಂಬುದನ್ನು ಬಡಿಗನು ಕೈಯಳತೆಯಿಂದಲೇ ಬಲ್ಲನು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅಡ್ಡಿಗೊಳಗಾದ ಈ ಓಟಗಳಿಗೆ ಕರ್ನಾಟಕವು 2017ರಲ್ಲಿ ಕಾಯದೆಯ ತಿದ್ದುಪಡಿಯಿಂದ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಅದೇ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆದರೆ ಇಂದು ನಾವು ಹೇಳಹೊರಟದ್ದು ಎತ್ತಿನ ಮಾತಲ್ಲ, ಎಂಜಿನ್ನಿನ ಮಾತು. ಹಗುರಾದುದೇ ಓಡುವುದೆಂಬ ಬಡಿಗನ ನ್ಯಾಯವನ್ನು ಮೋಟಾರಿಗೆ ಹಚ್ಚಿ ನೋಡಿದವರು ನಮ್ಮ ನಾಡಿನಲ್ಲಿಯೂ ಇದ್ದರು. ಅವರ ಕಾರಖಾನೆಗಳು ಚಿಕ್ಕವು, ಅವರ ಆಯುಷ್ಯ ಅದಕ್ಕಿಂತಲೂ ಚಿಕ್ಕದು. ಅವರ ಹೆಸರು ಇಂದಿನ ತರುಣರಿಗೆ ತಿಳಿದಿಲ್ಲವೆಂಬುದು ನಮಗೆ ಖೇದಕರವಾಗಿ ತೋರುತ್ತದೆ.

ಮೊದಲು ಬೆಂಗಳೂರಿನ ಸಿಪಾನಿಯವರ ಕಥೆ. 1970ರ ದಶಕದಲ್ಲಿ ಹಿಂದುಸ್ಥಾನದಲ್ಲಿ ಕಾರು ಮಾಡಲು ಸರಕಾರದ ಪರವಾನಗಿ ಬೇಕಿತ್ತು. ಅದನ್ನು ಪಡೆದವರು ಬೆರಳೆಣಿಕೆಯವರು. ಹಣ ಕಟ್ಟಿದ ಗಿರಾಕಿಯು ವರ್ಷಗಟ್ಟಲೆ ದಾರಿ ಕಾಯುತ್ತಿದ್ದನು. ಆ ಕಾಲದಲ್ಲಿ, 1974ರಲ್ಲಿ, ಸನ್‌ರೈಜ್ ಎಂಬ ಹೆಸರಿನಿಂದ ಹುಟ್ಟಿದ ಈ ಕಂಪನಿಯು ಮೊದಲು 'ಬಾದಲ್' ಎಂಬ ಮೂರು ಗಾಲಿಯ ಪುಟ್ಟ ಬಂಡಿಯನ್ನು ಮಾಡಿತು. ಅದನ್ನು ಕಂಡವರು ನಕ್ಕದ್ದೇ ಹೆಚ್ಚು. 1982ರ ಸುಮಾರಿಗೆ ಇಂಗ್ಲಂಡಿನ ರಿಲಾಯಂಟ್ ಕಂಪನಿಯ 'ಕಿಟನ್' ಎಂಬ ಕಾರಿನ ಹಕ್ಕನ್ನು ಪಡೆದು 'ಡಾಲ್ಫಿನ್' ಎಂಬ ನಾಲ್ಕು ಗಾಲಿಯ ಕಾರನ್ನು ಹೊರತಂದಿತು. ಈ ಸಲ ನಕ್ಕವರು ಕಡಿಮೆ.

ಡಾಲ್ಫಿನ್ನಿನ ಎಂಜಿನ್ನು 848 ಸಿ.ಸಿ.ಯದು, ಅದರ ಮೈ ಉಕ್ಕಿನ ತಗಡಿನದಲ್ಲ, ಗಾಜಿನ ನಾರಿನದು. ಈ ಗಾಜಿನ ನಾರಿನ ವಿಷಯವನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಏಕೆಂದರೆ ಚಿಕ್ಕ ಕಾರಖಾನೆಯ ಜೀವಾಳ ಅದರಲ್ಲಿಯೇ ಇದೆ. ಉಕ್ಕಿನ ತಗಡನ್ನು ಕಾರಿನ ಆಕಾರಕ್ಕೆ ಒತ್ತಬೇಕಾದರೆ ಭಾರಿ ಯಂತ್ರಗಳು ಬೇಕು, ಒಂದೊಂದು ಭಾಗಕ್ಕೂ ಒಂದೊಂದು ಅಚ್ಚು ಬೇಕು. ಆ ಅಚ್ಚಿನ ವೆಚ್ಚ ಗಿಟ್ಟಬೇಕಾದರೆ ಲಕ್ಷಗಟ್ಟಲೆ ಕಾರುಗಳು ಮಾರಾಟವಾಗಬೇಕು. ಗಾಜಿನ ನಾರಿಗಾದರೋ ಅಷ್ಟೆಲ್ಲ ಬೇಡ. ಒಂದು ಎರಕದ ಮಾದರಿಯ ಒಳಗೆ ನಾರಿನ ಹಾಸನ್ನು ಹಾಸಿ, ರಾಳವನ್ನು ಸವರಿ, ಗಾಳಿಯ ಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತಿ, ಒಣಗಿಸಿ ತೆಗೆದರೆ ಕಾರಿನ ಮೈ ಸಿದ್ಧವಾಯಿತು. ಅದು ಹಗುರ, ತುಕ್ಕು ಹಿಡಿಯದು; ಬಂಡವಾಳಕ್ಕಿಂತ ಕೈಚಳಕವನ್ನು ಹೆಚ್ಚಾಗಿ ಬೇಡುತ್ತದೆ. ಇಂಗ್ಲಂಡಿನಲ್ಲಿ ಕೋಲಿನ್ ಚಾಪ್‌ಮನ್ನನು 1952ರಲ್ಲಿ ಸ್ಥಾಪಿಸಿದ ಲೋಟಸ್ ಮೊದಲಾದ ಚಿಕ್ಕ ಕಂಪನಿಗಳು ದೊಡ್ಡವರ ಎದುರು ನಿಂತದ್ದು ಈ ಉಪಾಯದಿಂದಲೇ.

ಹಗುರಾದ ಡಾಲ್ಫಿನ್ನನ್ನು ಓಟದ ಗೀಳಿನವರು ಬಹುಬೇಗ ಗುರುತಿಸಿದರು. ಅಂಬಾಸಡರ್, ಪದ್ಮಿನಿಗಳಂಥ ಭಾರದ ಕಾರುಗಳ ನಡುವೆ ಅದು ರ‍್ಯಾಲಿಗಳಲ್ಲಿಯೂ ಓಟದ ಮಾರ್ಗಗಳಲ್ಲಿಯೂ ಚಿಮ್ಮಿ ನಡೆಯಿತು. ಆದರೆ ಓಟಗಾರನು ಮೆಚ್ಚಿದ ಮಾತ್ರಕ್ಕೆ ಸಂಸಾರಿಯು ಮೆಚ್ಚಬೇಕೆಂದಿಲ್ಲ. ಡಾಲ್ಫಿನ್ನಿಗೆ ಎರಡೇ ಬಾಗಿಲು. ಸೀರೆಯುಟ್ಟ ತಾಯಂದಿರು ಮುಂದಿನ ಆಸನವನ್ನು ಮಡಿಸಿ ಹಿಂದಕ್ಕೆ ನುಸುಳಬೇಕು. ಇದೊಂದು ಕ್ಷುಲ್ಲಕ ಸಂಗತಿಯೆಂದು ಕೆಲವರು ಹೇಳಿಯಾರು. ನಾವು ಹಾಗೆ ತಿಳಿಯುವುದಿಲ್ಲ. ಅಷ್ಟರಲ್ಲಿ 1983ರ ಡಿಸೆಂಬರ 14ರಂದು ಮಾರುತಿ 800ರ ಮೊದಲ ಕೀಲಿಕೈಯನ್ನು ಗಿರಾಕಿಗೆ ಕೊಟ್ಟದ್ದಾಯಿತು. ಮಾರುತಿಯ ಹಿಂದೆ ಜಪಾನಿನ ಸುಝುಕಿಯ ವಿದ್ಯೆಯೂ ಇತ್ತು, ಸ್ವತಃ ಕೇಂದ್ರ ಸರಕಾರದ ಬಂಡವಾಳವೂ ಇತ್ತು. ಸರಕಾರವೇ ವ್ಯಾಪಾರಿಯಾಗಿ ಅಂಗಡಿ ತೆರೆದಾಗ ಪಕ್ಕದ ಚಿಕ್ಕ ಅಂಗಡಿಯವನು ಯಾರ ಬಳಿ ದೂರಬೇಕು? ಸಿಪಾನಿಯವರು ಬಾಗಿಲುಗಳನ್ನು ಹೆಚ್ಚಿಸಿ 'ಮೊಂಟಾನಾ' ಎಂದು ಹೆಸರಿಟ್ಟು ಮತ್ತೆ ಯತ್ನಿಸಿದರು. ಡೀಸಲ್ ಎಂಜಿನ್ನನ್ನೂ ಕೂಡಿಸಿ ನೋಡಿದರು. 1990ರ ದಶಕ ಮುಗಿಯುವ ಮೊದಲೇ ಕಾರಿನ ಕೆಲಸ ನಿಂತಿತು.

ಬೆಳಗಾವಿ ಜಿಲ್ಲೆಯ ನಮಗೆ ಇಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರ ನೆನಪಾಗದೆ ಇರದು. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು, ಕಬ್ಬಿಣದ ನೇಗಿಲ ಕೆಲಸಕ್ಕೆ ಕೈಹಚ್ಚಿದ ಆ ಸಾಹಸಿಗೆ ಬೆಳಗಾವಿಯಲ್ಲಿ ನೆಲೆ ತಪ್ಪಿದಾಗ, 1910ರಲ್ಲಿ ಔಂಧದ ಸಂಸ್ಥಾನಿಕರು ಕುಂಡಲದ ಬಂಜರು ಮಾಳವನ್ನು ಕೊಟ್ಟರು. ಇಂದಿನ ಕಿರ್ಲೋಸ್ಕರವಾಡಿ ಅದೇ. ಸಿಪಾನಿಯವರಿಗೆ ಅಂಥ ಔಂಧವು ದೊರೆಯಲಿಲ್ಲ.

ಇನ್ನೊಂದು ಯತ್ನವೂ ಬೆಂಗಳೂರಿನ ಮೂಲದ್ದೇ. ವೈಟ್‌ಫೀಲ್ಡಿನಲ್ಲಿ ರೈಲು ಎಂಜಿನ್ನುಗಳನ್ನು ಮಾಡುವ ಸ್ಯಾನ್ ಕಂಪನಿಯ ಬಳಗವು 1998ರಲ್ಲಿ ಗೋವೆಯ ಕಾರಖಾನೆಯಿಂದ 'ಸ್ಟಾರ್ಮ್' ಎಂಬ ಎರಡಾಸನದ, ಮೇಲ್ಛಾವಣಿ ತೆರೆಯುವ ಕಾರನ್ನು ಹೊರಡಿಸಿತು. ಮೈ ಗಾಜಿನ ನಾರಿನದು, ಎಂಜಿನ್ನು ಫ್ರಾನ್ಸದ ರೆನೋ ಕಂಪನಿಯ 1149 ಸಿ.ಸಿ.ಯದು, ಬಲ ಸುಮಾರು 60 ಕುದುರೆ. ಸುಂದರವಾದ ಬಂಡಿ, ಆದರೆ ಎರಡೇ ಜನ ಕೂಡ್ರುವ ಕಾರಿಗೆ ಹಣ ತೆರುವ ಗಿರಾಕಿಗಳು ನಮ್ಮಲ್ಲೆಷ್ಟು?

ನಿಜವಾದ ಓಟದ ಕಾರನ್ನೇ, ಅಂದರೆ ಒಬ್ಬನೇ ಕೂಡ್ರುವ, ಗಾಲಿಗಳು ಬಯಲಿಗೆ ಕಾಣುವ ಯಂತ್ರವನ್ನು ಸ್ವದೇಶದಲ್ಲಿ ಮಾಡಿ ತರುಣರ ಕೈಗೆ ಕೊಟ್ಟವರು ನೆರೆಯ ಕೊಯಿಮುತ್ತೂರಿನ ಎಸ್. ಕರಿವರ್ಧನ್. ಗಿರಣಿಯ ಮನೆತನದವರಾದ ಇವರು ವಿದೇಶದ ಓಟದ ಕಾರನ್ನೇ ತರಿಸಿ ಸುಮ್ಮನಿರಬಹುದಾಗಿತ್ತು. ಅದನ್ನು ಬಿಟ್ಟು ಬಜಾರದಲ್ಲಿ ಎಲ್ಲರಿಗೂ ಸಿಗುವ ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನನ್ನು ಎತ್ತಿ ಓಟಗಾರನ ಬೆನ್ನ ಹಿಂದೆ ಕೂಡ್ರಿಸಿ 'ಫಾರ್ಮುಲಾ ಮಾರುತಿ'ಯನ್ನು ಕಟ್ಟಿದರು. ಸಿಪಾನಿಯವರ ಮಾರುಕಟ್ಟೆಯನ್ನು ನುಂಗಿದ ಮಾರುತಿಯೇ ಇಲ್ಲಿ ಬಡ ಓಟಗಾರನ ಬಂಧುವಾಯಿತು! ಬಿಡಿಭಾಗ ಕೆಟ್ಟರೆ ವಿಲಾಯತಿಗೆ ಬರೆಯಬೇಕಾಗಿಲ್ಲ. ಎಲ್ಲರ ಎಂಜಿನ್ನೂ ಒಂದೇ ಆದುದರಿಂದ ಹಣವಂತನಿಗೆ ವಿಶೇಷ ಅನುಕೂಲವೂ ಇಲ್ಲ. 2005ರಲ್ಲಿ ಹಿಂದುಸ್ಥಾನದ ಮೊದಲ ಫಾರ್ಮುಲಾ ಒನ್ ಓಟಗಾರನಾದ ನಾರಾಯಣ ಕಾರ್ತಿಕೇಯನು ಆರಂಭದಲ್ಲಿ ಓಡಿಸಿದ್ದು ಇದನ್ನೇ. 1995ರಲ್ಲಿ ಕರಿವರ್ಧನ್ ವಿಮಾನದ ಅಪಘಾತದಲ್ಲಿ ತೀರಿಕೊಂಡರು.

ಇದಕ್ಕೆ ಹೋಲಿಸಿ 'ಫೋರ್ಸ್ ಇಂಡಿಯಾ'ದ ಸಂಗತಿಯನ್ನು ನೋಡಿರಿ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಪಾಲುದಾರರೊಡನೆ 2007ರಲ್ಲಿ ಕೊಂಡ ಆ ತಂಡವು 2008ರಿಂದ ಓಡಿತು. 2009ರಲ್ಲಿ ಬೆಲ್ಜಿಯಮ್ಮಿನಲ್ಲಿ ಎರಡನೆಯ ಸ್ಥಾನ, 2016 ಮತ್ತು 2017ರಲ್ಲಿ ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಅಲ್ಪ ಬಂಡವಾಳದ ತಂಡಕ್ಕೆ ಇದು ಕಡಿಮೆಯ ಕೀರ್ತಿಯಲ್ಲ. ಆದರೆ ಹೆಸರು ಮಾತ್ರ ನಮ್ಮದು. ಕಾರಖಾನೆ ಇಂಗ್ಲಂಡಿನ ಸಿಲ್ವರ್‌ಸ್ಟೋನಿನದು. ಅದರ ಕಾರಿನಲ್ಲಿ ಮುಖ್ಯ ಓಟಕ್ಕೆ ಇಳಿದ ಹಿಂದುಸ್ಥಾನೀಯನು ಒಬ್ಬನೂ ಇಲ್ಲ. 2018ರ ಜುಲೈದಲ್ಲಿ ಸಾಲದ ಹೊರೆಯಿಂದ ತಂಡವು ಆಡಳಿತಾಧಿಕಾರಿಗಳ ಕೈಸೇರಿ ಅನ್ಯರ ಪಾಲಾದಾಗ ನಮ್ಮಲ್ಲಿ ಒಂದು ತಿರುಪೂ ಉಳಿಯಲಿಲ್ಲ, ಒಬ್ಬ ಕಮ್ಮಾರನೂ ಉಳಿಯಲಿಲ್ಲ.

ಕರಿವರ್ಧನರ ತರುವಾಯ ಉಳಿದದ್ದು ಬಹಳ. 2003ರಲ್ಲಿ ಕೊಯಿಮುತ್ತೂರಿನ ಹತ್ತಿರ ತೆರೆದ ಓಟದ ಮಾರ್ಗಕ್ಕೆ ಅವರ ಹೆಸರನ್ನಿಟ್ಟರು. ಎಂಜಿನಿಯರಿಂಗ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳನ್ನು ಪರೀಕ್ಷೆಗೊಡ್ಡುವ 'ಫಾರ್ಮುಲಾ ಭಾರತ್' ಸ್ಪರ್ಧೆಯು ಅಲ್ಲಿಯೇ ನಡೆದಿದೆ. ನಮ್ಮ ಸರಕಾರವು ಬೆಳಗಾವಿ-ಹುಬ್ಬಳ್ಳಿಗಳ ನಡುವೆ ಅಂಥದೊಂದು ಮಾಳವನ್ನು ಕೊಡಲೆಂದು ನಾವು ಕೇಳುತ್ತೇವೆ. ಔಂಧದ ಅರಸರು ಕೊಟ್ಟದ್ದೂ ಕಳ್ಳಿ ಬೆಳೆದ ಮಾಳವನ್ನೇ.